ನೀರೊಳಗೆ ಬೆವರಿದವನು: ಸೂಚ್ಯ ಉಲ್ಲೇಖ ಕಲಿಸಿದ ನನ್ನ ಅನುಭವ

ಕಥೆಯೇ ಗೊತ್ತಿಲ್ಲದ ವಿದ್ಯಾರ್ಥಿಗಳಿಗೆ ಬರಹದೊಳಗಿನ ಸೂಚ್ಯ ಉಲ್ಲೇಖಗಳನ್ನು, ಅಂದರೆ ಹೆಸರು ಹೇಳದೆ ಹಳೆಯ ಕಥೆಯನ್ನೋ ಪದ್ಯವನ್ನೋ ನೆನಪಿಸುವ ಮಾತುಗಳನ್ನು, ಗುರುತಿಸಲು ಕಲಿಸಲಾಗದು ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಿದ್ದರು. ಮೊದಲ ಎರಡು ವರ್ಷ ನಾನೂ ಅದನ್ನೇ ನಂಬಿ ಕೈ ಸುಟ್ಟುಕೊಂಡೆ. ರಾಮಾಯಣ, ಮಹಾಭಾರತ, ವಚನ ಮತ್ತು ಜನಪದ ಕಥೆಗಳಿಂದ ಸುಮಾರು 120 ಪ್ರಸಂಗಗಳನ್ನು ಆಯ್ದು, ಒಂದೊಂದಕ್ಕೂ ಕಾರ್ಡು ಬರೆದು, ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದೆ. ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು. ಕಾರ್ಡು ತೋರಿಸಿದರೆ ಏಕಲವ್ಯನ ಕಥೆಯನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದ ವಿದ್ಯಾರ್ಥಿಗಳಿಗೆ, ಪರೀಕ್ಷೆಯಲ್ಲಿ ‘ಕೆಲಸ ಕಲಿತದ್ದಕ್ಕೆ ಪ್ರತಿಯಾಗಿ ಸಂಸ್ಥೆ ಅವನ ಹೆಬ್ಬೆರಳನ್ನೇ ಕೇಳಿತು’ ಎಂಬ ವಾಕ್ಯ ಕೊಟ್ಟೆ. 40 ಜನರಲ್ಲಿ 6–7 ಮಂದಿ ಗುರುತಿಸಿದರು. ಒಬ್ಬನಂತೂ ‘ಹಾಜರಿಗೆ ಹೆಬ್ಬೆಟ್ಟು ಒತ್ತಬೇಕು’ ಎಂದು ವಿವರಿಸಿದ್ದ. ಅವನನ್ನು ದೂರುವಂತಿರಲಿಲ್ಲ; ಕಾರ್ಡಿನ ಮೇಲೆ ಹೆಸರಿತ್ತು, ವಾಕ್ಯದಲ್ಲಿ ಇರಲಿಲ್ಲ.

ಮೂರನೆಯ ವರ್ಷ ಕಾರ್ಡುಗಳನ್ನು ಬದಿಗಿಟ್ಟು, ಕಥೆಯ ಮಾತೇ ಎತ್ತದೆ, ಒಂದು ಪುಟದ ಜೆರಾಕ್ಸ್ ಮತ್ತು ಪೆನ್ಸಿಲ್ ಮಾತ್ರ ಕೊಟ್ಟೆ. ಓದುವಾಗ ಎಲ್ಲಿ ಎಡವುತ್ತೀರೋ, ಯಾವ ಪದ ಆ ವಾಕ್ಯಕ್ಕೆ ಅಗತ್ಯವಿಲ್ಲದೆಯೂ ಬಂದು ಕುಳಿತಿದೆಯೋ, ಅದರ ಕೆಳಗೆ ಗೆರೆ ಎಳೆಯಿರಿ ಎಂದಷ್ಟೇ ಹೇಳಿದೆ. ನಾನೇ ಹೆಣೆದ ಒಂದು ವಾಕ್ಯ ಹೀಗಿತ್ತು: ‘ತಂಪು ಕೋಣೆಯಲ್ಲಿ ಅಡಗಿ ಕುಳಿತಿದ್ದ ಅಧ್ಯಕ್ಷರು, ಹೊರಗಿನ ಕೂಗು ಕಿವಿಗೆ ಬಿದ್ದೊಡನೆ ನೀರೊಳಗಿದ್ದೂ ಬೆವರಿದರು.’ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡು ಗೆರೆ ಎಳೆದು, “ಸರ್, ಕೋಣೆ ಸರಿ, ನೀರು ಎಲ್ಲಿಂದ ಬಂತು?” ಎಂದು ಕೇಳಿದಳು. ‘ಗದಾಯುದ್ಧ’ ಬರೆದ ಕವಿ ರನ್ನನ ಹೆಸರನ್ನೂ ಅವಳು ಕೇಳಿರಲಿಲ್ಲ. ಆದರೂ ಸುಮಾರು 1000 ವರ್ಷ ಹಳೆಯ ಪದ್ಯವೊಂದರ ಬಾಗಿಲಿಗೆ ಬಂದು ನಿಂತಿದ್ದಳು. ವೈಶಂಪಾಯನ ಸರೋವರದೊಳಗೆ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರಿನಲ್ಲೇ ಬೆವರಿದ ಪ್ರಸಂಗವನ್ನು ಆಮೇಲೆ ಹೇಳಿದೆ. ರನ್ನನ ದುರ್ಯೋಧನ ಬರಿಯ ಖಳನಲ್ಲ ಎಂದು ಸೇರಿಸಿದಾಗ ಅವಳು, “ಹಾಗಾದರೆ ಬರೆದವರಿಗೆ ಅಧ್ಯಕ್ಷರ ಮೇಲೆ ಸ್ವಲ್ಪ ಗೌರವವೂ ಇದೆಯೇ?” ಎಂದಳು. ಕಾರ್ಡುಗಳ ಕಾಲದಲ್ಲಿ ನನ್ನ ತರಗತಿಯಿಂದ ಇಂಥ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಪೀಡೆ ಅಂಟಿಕೊಂಡಿತು. ಜಿಂಕೆ ಕಂಡರೆ ಮಾರೀಚ, ಬಸ್ಸಿನ ಚಕ್ರ ಕೆಸರಿನಲ್ಲಿ ಹೂತರೆ ಕರ್ಣ! ಸುಮಾರು ಒಂದು ತಿಂಗಳು ಇದರಲ್ಲೇ ಕಳೆಯಿತು. ಕೊನೆಗೆ ‘ತೆಗೆದು ನೋಡು’ ಎಂಬ ಪರೀಕ್ಷೆ ಇಟ್ಟೆ: ಕಥೆಯನ್ನು ಮರೆತು ವಾಕ್ಯವನ್ನು ಮತ್ತೆ ಓದಿದಾಗ ಏನೂ ನಷ್ಟವಾಗದಿದ್ದರೆ ಅಲ್ಲಿ ಉಲ್ಲೇಖವಿಲ್ಲ. ಈ ಪರೀಕ್ಷೆಯಲ್ಲಿ ‘ಭಗೀರಥ ಪ್ರಯತ್ನ’ ಕೂಡ ಬಹುತೇಕ ಸಲ ಬಿದ್ದುಹೋಗುತ್ತದೆ, ಏಕೆಂದರೆ ಅದನ್ನು ಬಳಸುವವರ ಮನಸ್ಸಿನಲ್ಲಿ ಗಂಗೆಯೂ ಇರುವುದಿಲ್ಲ, ತಪಸ್ಸೂ ಇರುವುದಿಲ್ಲ.

ಕೆಲವು ಉಲ್ಲೇಖಗಳು ಕಣ್ಣಿಗೆ ಸಿಗದೆ ಕಿವಿಗೆ ಸಿಗುತ್ತವೆ ಎಂಬುದು ಆಕಸ್ಮಿಕವಾಗಿ ತಿಳಿಯಿತು. ‘ಇದ್ದವರು ಗೋಪುರ ಕಟ್ಟುವರು, ನಾನೇನ ಕಟ್ಟಲಿ’ ಎಂಬ ಸಾಲನ್ನು ಮೌನವಾಗಿ ಓದಿದಾಗ ಯಾರೂ ತಲೆ ಎತ್ತಲಿಲ್ಲ. ಗಟ್ಟಿಯಾಗಿ ಓದಿಸಿದೊಡನೆ ಅರ್ಧ ತರಗತಿ ಬಸವಣ್ಣನ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ಮುಂದುವರಿಸಿತು. ಹಾಡಿನ ಧಾಟಿಯಲ್ಲಿ ಓದಿಸಿದ ಪ್ರಯೋಗ ಮಾತ್ರ ನಗೆಪಾಟಲಾಯಿತು.

ವರ್ಷದ ಕೊನೆಗೆ ಅದೇ ಹೆಬ್ಬೆರಳಿನ ವಾಕ್ಯವನ್ನು ಈ ತಂಡಕ್ಕೂ ಕೊಟ್ಟೆ. ನೆನಪಿನಿಂದ ಹೇಳುವುದಾದರೆ 40ರಲ್ಲಿ 28 ಮಂದಿ ಹಿಡಿದರು; ಅನುಮಾನಪಟ್ಟಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ನನ್ನ ಪುಟಗಳ ಪ್ರತಿ ಕೇಳಿದರು. ಪುಟಗಳನ್ನು ಕೊಟ್ಟಿದ್ದೇನೆ, ಯಾವುದರ ನಂತರ ಯಾವುದನ್ನು ಓದಿಸಬೇಕು ಎಂಬ ಕ್ರಮವನ್ನು ಮಾತ್ರ ಇನ್ನೂ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಕಾರ್ಡುಗಳನ್ನು ಈಗ ಗೆರೆ ಎಳೆದಾದ ಮೇಲೆ ಕಥೆ ಹುಡುಕಲು ಕೊಡುತ್ತೇನೆ. ಲ್ಯಾಮಿನೇಷನ್ ಮಾಡಿಸಿದ್ದರಿಂದ ಇನ್ನೂ ಹರಿದಿಲ್ಲ. ಹಾಕಿದ ಹಣ ಅಷ್ಟರಮಟ್ಟಿಗೆ ವಸೂಲಾಗಿದೆ.