ಬಾಣಬಿರುಸಿನ ಬಾಲ ಹಿಡಿಯಲು ಒಂದು ಕರಿ ರಟ್ಟು

ಆಕಾಶಕ್ಕೇರಿ ಸಿಡಿಯುವ ಪಟಾಕಿ ಗುಂಡಿನ, ಅಂದರೆ ಶೆಲ್‌ನ ಬಾಲ, ತುದಿಯಲ್ಲಿ ಅರಳುವ ಹೂವು ಎರಡೂ ಒಂದೇ ಫೋಟೊದಲ್ಲಿ ಬೇಕು. ಅದೂ ಮೂರು ನಾಲ್ಕು ಶೆಲ್‌ಗಳದ್ದು ಒಟ್ಟಿಗೆ. ಕಂಪ್ಯೂಟರಿನಲ್ಲಿ ಜೋಡಿಸದೆ ಇದು ಆಗೋದಿಲ್ಲ ಎಂದು ಗೆಳೆಯರೆಲ್ಲ ಹೇಳುತ್ತಿದ್ದರು. ಕ್ಯಾಮೆರಾದಲ್ಲೇ ಮಾಡಿ ತೋರಿಸಿದೆ. ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಸುಮಾರು ಇನ್ನೂರು ಫೋಟೊ ತೆಗೆದೆ. ಉಳಿದದ್ದು ಐದೋ ಆರೋ. ಶೆಲ್ ಹಾರಿದ 'ಧಡ್' ಸದ್ದು ಕೇಳಿ ಶಟರ್ (ಬೆಳಕನ್ನು ಒಳಬಿಡುವ ಕ್ಯಾಮೆರಾದ ಪರದೆ) ತೆರೆಯುತ್ತಿದ್ದೆ, ಅದೇ ತಪ್ಪು. ಸದ್ದು ಸೆಕೆಂಡಿಗೆ 340 ಮೀಟರ್ ಸಾಗುತ್ತದೆ. ನಾನು ನಿಂತದ್ದು ಹೆಚ್ಚುಕಡಿಮೆ 500 ಮೀಟರ್ ದೂರ. ಸದ್ದು ಕಿವಿಗೆ ಬೀಳುವ ಹೊತ್ತಿಗೆ ಒಂದೂವರೆ ಸೆಕೆಂಡ್ ಕಳೆದಿರುತ್ತಿತ್ತು, ಬಾಲದ ಬುಡವೇ ಸಿಗುತ್ತಿರಲಿಲ್ಲ. ಈಗ ನೆಲದ ಹತ್ತಿರ ಬೆಳಕು ಮಿಂಚಿದ ಕೂಡಲೇ ತೆರೆಯುತ್ತೇನೆ.

ಎರಡನೇ ವರ್ಷ ದುಡ್ಡು ಹೋಯಿತು. ಹಗುರವಾದ ಟ್ರೈಪಾಡ್ ಗಾಳಿಗೆ ಅಲುಗಿ ಬಾಲಗಳೆಲ್ಲ ಅಂಕುಡೊಂಕಾಗಿದ್ದವು. ಭಾರದ್ದು ತಂದೆ, ಅರ್ಧ ತಿಂಗಳ ಸಂಬಳ ಅದಕ್ಕೇ. ಅದು ದಂಡವಾಗಲಿಲ್ಲ. ಆದರೆ ಎಫ್ 1.8ರ ಲೆನ್ಸ್ ಕೊಂಡದ್ದು ಪೂರ್ತಿ ದಂಡ. ಈ ಕೆಲಸದಲ್ಲಿ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು) ಅಷ್ಟು ತೆರೆಯುವ ಪ್ರಸಂಗವೇ ಬರಲಿಲ್ಲ. ಮಾರಿದಾಗ ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗ ಮುಳುಗಿತು.

ಕೊನೆಗೆ ಕೈಹಿಡಿದದ್ದು ಕರಿ ರಟ್ಟು. ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ವ್ಯವಸ್ಥೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ 11. ಶಟರ್ ತೆರೆದೇ ಇರುತ್ತದೆ. ಶೆಲ್ ಹೊರಟಾಗ ಲೆನ್ಸ್ ಮುಂದಿನ ರಟ್ಟು ತೆಗೆ, ಹೂವು ಆರಿದಾಗ ಮುಚ್ಚು, ಮುಂದಿನದಕ್ಕೆ ಕಾಯಿ. ಹೀಗೆ 20-25 ಸೆಕೆಂಡ್. ಓಡುವ ಕಿಡಿ ಎಷ್ಟು ಬೆಳ್ಳಗೆ ಬರುತ್ತದೆ ಅನ್ನುವುದು ಅಪರ್ಚರಿನ ಕೈಯಲ್ಲಿದೆ. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಹೊಗೆಯೂ ಆಕಾಶದ ಮಬ್ಬು ಬೆಳಕೂ ತುಂಬಿಕೊಳ್ಳುತ್ತವೆ, ಅಷ್ಟೇ. ರಟ್ಟು ತಡೆಯುವುದು ಅದನ್ನೇ. ಉರಿಬಿಳಿ ಬಾಲಕ್ಕೆ ಎಫ್ 16ರವರೆಗೂ ಹೋಗಿದ್ದೇನೆ. ನಿಧಾನಕ್ಕೆ ಜೋತುಬೀಳುವ ಮಂಕು ಬಂಗಾರದ ಬಾಲಕ್ಕೆ ಎಫ್ 8 ಬೇಕು.

ರಟ್ಟಿನ ಒಳಮೈಗೆ ಏನು ಅಂಟಿಸಿದ್ದೇನೆ, ಯಾವ ದಿಕ್ಕಿನಿಂದ ಎಳೆಯುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಂದು ಸಲ ಸಾಲು ಸಾಲು ಶೆಲ್ ತಪ್ಪಿಹೋದವು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತಿನ ಫೋಟೊದಲ್ಲಿ ಬರುವ ಬೇಡದ ಚುಕ್ಕೆಗಳನ್ನು ಅಳಿಸುವ ಸೌಲಭ್ಯ) ಆನ್ ಇತ್ತು. 25 ಸೆಕೆಂಡಿನ ಫೋಟೊ ಆದಮೇಲೆ ಕ್ಯಾಮೆರಾ ಇನ್ನೂ 25 ಸೆಕೆಂಡ್ ಸುಮ್ನೆ ಕೂತುಬಿಡುತ್ತದೆ! ಹೊಗೆ ಕಟ್ಟದ ಮೊದಲ ಹತ್ತು ನಿಮಿಷ ಎಷ್ಟು ಬೆಲೆಯುಳ್ಳದ್ದು ಅಂತ ನಿಮಗೂ ಗೊತ್ತಲ್ವಾ? ಅವತ್ತು ಅದರಲ್ಲಿ ಅರ್ಧ ಹಾಗೇ ಹೋಯಿತು.

ನಡುವೆ ಇನ್ನೊಂದು ಆಟ ಆಡಿದೆ. ಸಿಡಿಯುವಾಗ ಫೋಕಸ್ ಮಂಜಾಗಿಟ್ಟು, ಕಿಡಿಗಳು ಹರಡುತ್ತಿದ್ದಂತೆ ಚೂಪು ಮಾಡುತ್ತಾ ಬಂದೆ. ಕಿಡಿಗಳು ದಪ್ಪ ಎಸಳಾಗಿ ಶುರುವಾಗಿ ಸೂಜಿಯಂತೆ ಮುಗಿದವು. ಹತ್ತರಲ್ಲಿ ಒಂದು ಸರಿಬರುತ್ತದೆ. ಅದನ್ನೂ ರಟ್ಟನ್ನೂ ಒಟ್ಟಿಗೆ ಮಾಡಲು ಇನ್ನೊಂದು ಕೈ ಬೇಕು. ಈ ಸಲ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ.