ಒಂದ್ಸಲ ಸೆಲ್ಫ್ ತಗೊಳುತ್ತೆ, ಒಂದ್ಸಲ ಬರೀ ಟಕ್: ಹಳೇ ಕಾರಿನ ಈ ಕಳ್ಳಾಟ ಹಿಡಿಯೋದು ಹೆಂಗೆ

ನಮ್ದು 2001ರ ಮಾಡೆಲ್ ಪೆಟ್ರೋಲ್ ಕಾರು. ಮಂಡ್ಯದಲ್ಲಿ ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗೋದು, ಮೈಸೂರಿಗೆ ಹೋಗಿ ದೇವರಾಜ ಮಾರ್ಕೆಟ್ ಹತ್ರ ನಿಲ್ಸಿ ಹೂವು ಹಣ್ಣು ತಗೊಂಡು ಬಂದು ಕೀ ತಿರುಗಿಸಿದ್ರೆ ಬರೀ ಟಕ್. ಹತ್ತು ನಿಮಿಷ ಸುಮ್ನೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟ್. ಗ್ಯಾರೇಜಿಗೆ ಹೋದ್ರೆ ಅಲ್ಲಿ ಹೊಸ ಅಳಿಯನ ಥರ ಮರ್ಯಾದೆಯಾಗಿ ನಡ್ಕೊಳ್ಳೋದು. ಬ್ಯಾಟರಿ ಬದಲಾಯಿಸಿದೆ, ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದೆ, ಎರಡು ವಾರಕ್ಕೆ ಮತ್ತೆ ಅದೇ ಟಕ್.

ಇಂಥ ಕಂಪ್ಲೇಂಟನ್ನ ಅದು ಕಾಣಿಸ್ಕೊಂಡಾಗ್ಲೇ ಹಿಡೀಬೇಕು, ಸರಿ ಇರೋವಾಗ ಎಷ್ಟು ಹುಡುಕಿದ್ರೂ ಸಿಗಲ್ಲ. ಅದಕ್ಕೆ ಒಂದು ಸಾಧಾರಣ ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ (ವೈರಲ್ಲಿ ಕರೆಂಟ್ ಬರ್ತಿದ್ರೆ ಉರಿಯೋ ಸಣ್ಣ ಬಲ್ಬು), 10 ನಂಬರ್ ಸ್ಪ್ಯಾನರ್ ಡಿಕ್ಕೀಲೇ ಇಟ್ಕೊಳಿ.

ಕೈಕೊಟ್ಟಾಗ ಮೊದ್ಲು ಹೆಡ್‌ಲೈಟ್ ಹಾಕ್ಕೊಂಡು ಕೀ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಟಿಕಟಿಕಟಿಕ ಅಂತ ಬಡ್ಕೊಂಡು ಲೈಟ್ ಮಂಕಾದ್ರೆ ಬ್ಯಾಟರಿ ಇಲ್ಲಾ ಟರ್ಮಿನಲ್. ಸದ್ದೇ ಇಲ್ಲ, ಲೈಟ್ ಮಾತ್ರ ಜೋರಾಗಿದೆ ಅಂದ್ರೆ ಕೀ ಸ್ವಿಚ್, ರಿಲೇ ಅಥವಾ ಸಾಲಿನಾಯ್ಡ್‌ಗೆ (ಸೆಲ್ಫ್ ಮೋಟರ್ ಮೇಲಿರೋ, ಮೋಟರಿಗೆ ಕರೆಂಟ್ ಬಿಡೋ ದೊಡ್ಡ ಸ್ವಿಚ್ಚು) ಹೋಗೋ ಸಣ್ಣ ವೈರ್. ಒಂದೇ ಟಕ್, ಲೈಟ್ ಜೋರಾಗೇ ಇದೆ ಅಂದ್ರೆ ಸಾಲಿನಾಯ್ಡ್ ಒಳಗಿನ ಕಾಂಟ್ಯಾಕ್ಟ್, ಬ್ರಷ್, ಅಥವಾ ಇಂಜಿನ್ ಅರ್ಥ್, ಅಂದ್ರೆ ಇಂಜಿನ್ನಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಹೋಗೋ ದಾರಿ. ಸೆಲ್ಫ್ ಚೆನ್ನಾಗಿ ತಿರುಗ್ತಿದೆ, ಇಂಜಿನ್ ಮಾತ್ರ ಎದ್ದೇಳ್ತಿಲ್ಲ ಅಂದ್ರೆ ಅದು ಪೆಟ್ರೋಲ್ ಇಲ್ಲಾ ಕರೆಂಟ್ ಪ್ಲಗ್ಗಿನ ಕಥೆ, ಅದು ಬೇರೆ.

ಈಗ ಮೀಟರ್. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರ್ಲಿ, ಕೀ ತಿರುಗಿಸೋಕೆ ಇನ್ನೊಬ್ರು ಕೂತಿರ್ಲಿ, ನಿಮ್ಮ ಕೈ ಫ್ಯಾನ್ ಬೆಲ್ಟಿಂದ ದೂರ. ಸುಮ್ನಿರೋ ಬ್ಯಾಟರಿ 12.6 ವೋಲ್ಟ್ ತೋರಿಸಿದ್ರೆ ಫುಲ್, 12.2 ಅಂದ್ರೆ ಅರ್ಧ. ಸೆಲ್ಫ್ ಹೊಡಿಯೋವಾಗ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೇ ಅನುಮಾನ. ಅದು ಸರಿ ಇದ್ರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬದ ಮೇಲೆ, ಕ್ಲಾಂಪ್ ಮೇಲಲ್ಲ, ಇನ್ನೊಂದು ಇಂಜಿನ್ನಿನ ಪೇಂಟಿಲ್ಲದ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟ್ ದಾಟಬಾರ್ದು. ನನ್ನದ್ರಲ್ಲಿ 4ರ ಮೇಲೆ ಹೋಯ್ತು, ಅಷ್ಟು ವೋಲ್ಟೇಜು ದಾರೀಲೇ ಖರ್ಚಾಗಿ ಮೋಟರಿಗೆ ಏನು ಉಳಿಯುತ್ತೆ ಹೇಳಿ. ಹಂಗೇ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ನೋಡಿ, ಅಲ್ಲಿ 0.5 ದಾಟಬಾರ್ದು.

ಮೀಟರನ್ನ ಓಮ್ಸಲ್ಲಿ (ರೆಸಿಸ್ಟೆನ್ಸ್ ಅಳೆಯೋ ಕಡೆ) ಇಟ್ಟು ವೈರ್ ಚೆಕ್ ಮಾಡಿ ಸರಿ ಇದೆ ಅಂತ ನಂಬ್ಬೇಡಿ, ನಾನು ನಂಬಿ ಕೆಟ್ಟೆ. ಒಂದೇ ಒಂದು ಎಳೆ ಉಳಿದಿದ್ರೂ ಮೀಟರ್ ಬೀಪ್ ಅನ್ನುತ್ತೆ, ಆದ್ರೆ ಸೆಲ್ಫ್ ಎಳೆಯೋದು ನೂರು ಆಂಪಿಯರಿನ ಆಸುಪಾಸು, ಅದನ್ನ ಆ ಒಂದು ಎಳೆ ಎಲ್ಲಿ ತಡ್ಕೊಳುತ್ತೆ. ಬಿಸಿ ಆದಾಗ ಆ ಜಾಯಿಂಟ್ ಇನ್ನೂ ಹದಗೆಡೋದು, ಅದಕ್ಕೇ ಮಂಡ್ಯದಲ್ಲಿ ಬೆಳಗ್ಗೆ ಸರಿ, ಮೈಸೂರಲ್ಲಿ ಟಕ್.

ಜಂಪರ್ ಕೇಬಲ್ ಇದ್ರೆ ಬ್ಯಾಟರಿ ಮೈನಸ್ಸಿಂದ ನೇರ ಇಂಜಿನ್ನಿಗೆ ಹಾಕಿ ನೋಡಿ. ತಕ್ಷಣ ಸ್ಟಾರ್ಟ್ ಆಯ್ತಾ, ಅರ್ಥ್‌ದೇ ತಪ್ಪು.

ಸದ್ದೇ ಬರ್ದಿದ್ರೆ ಸಾಲಿನಾಯ್ಡಿನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಇಟ್ಟು ಕೀ ತಿರುಗಿಸಿ. ಚೆನ್ನಾಗಿ ಉರಿದ್ರೂ ಟಕ್ ಇಲ್ಲ ಅಂದ್ರೆ ಸಾಲಿನಾಯ್ಡ್, ಉರೀದಿದ್ರೆ ಕೀ ಸ್ವಿಚ್ ಕಡೆ. ಮನೆ, ಬೀರು, ಗೋಡೌನ್ ಎಲ್ಲಾ ಕೀನೂ ಒಂದೇ ಗೊಂಚಲಲ್ಲಿ ನೇತಾಕೋರ ಕೀ ಸ್ವಿಚ್ ಬೇಗ ಸವೆಯುತ್ತೆ.

ನಮ್ದರಲ್ಲಿ ಗೇರ್‌ಬಾಕ್ಸ್ ಮೇಲಿನ ಅರ್ಥ್ ಪಟ್ಟಿ ಬೋಲ್ಟ್ ಕೆಳಗೆ ಪೇಂಟು, ಪೇಂಟ್ ಕೆಳಗೆ ತುಕ್ಕು. ಬ್ಯಾಟರಿ ಮೈನಸ್ ಮೊದ್ಲು ಬಿಚ್ಚಿ, ಉಜ್ಜೋ ಕಾಗದದಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಹೊಸ ಪಟ್ಟಿ ಹಾಕಿ ಟೈಟ್ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದೆ. ಹಳೇ ಬ್ಯಾಟರಿ ಮಾತ್ರ ಎಕ್ಸ್‌ಚೇಂಜಲ್ಲಿ ಕೊಟ್ಟಾಗಿತ್ತು, ಪಾಪ ಅದು ಚೆನ್ನಾಗೇ ಇತ್ತು.