ಒಂದು ಚಮಚ ನುಗ್ಗೆ ರಸ, 30 ಚಮಚ ನೀರು

ನಮ್ಮದು ಹಾವೇರಿ ಕಡೆ. ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಬೆಳೆಯುತ್ತೇವೆ. ಬೀಜ ಮನೆಯದೇ. ಈ ಕಾಯಿಯಲ್ಲಿ ಬೀಜ ಇರುವುದೇ ಕಡಿಮೆ, ಒಂದನ್ನೂ ಹಾಳು ಮಾಡಲು ಮನಸ್ಸು ಬರುವುದಿಲ್ಲ.

ಸಸಿಮಡಿಯಲ್ಲಿ ನಮಗೆ ಎರಡು ಕಾಟ. ಮೊಳಕೆ ಒಂದೇ ಸಮ ಬರುವುದಿಲ್ಲ, ಬಂದ ಸಸಿ ಉಳಿಯುವುದಿಲ್ಲ. ನಿನ್ನೆ ನೆಟ್ಟಗಿದ್ದದ್ದು ಬೆಳಿಗ್ಗೆ ನೋಡಿದರೆ ಮಲಗಿರುತ್ತದೆ. ಎಲೆ ಇನ್ನೂ ಹಸಿರೇ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಾಂಡ ದಾರದ ಹಾಗೆ ಸಣ್ಣಗಾಗಿ ಕೊಳೆತಿರುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ ಅದು.

ಮೊದಲ ವರ್ಷ ಬೇವಿನ ಸೊಪ್ಪು ಅರೆದು, ಆ ಗಟ್ಟಿ ರಸದಲ್ಲೇ ಬೀಜವನ್ನು ರಾತ್ರಿಯೆಲ್ಲ ನೆನೆಸಿಟ್ಟೆ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂದುಕೊಂಡಿದ್ದೆ. ಅರ್ಧಕ್ಕರ್ಧ ಬೀಜ ಏಳಲೇ ಇಲ್ಲ. ಆ ಸಲ ಪಕ್ಕದೂರಿನಿಂದ ಅಗಿ ತಂದು ನಾಟಿ ಮಾಡಬೇಕಾಯಿತು. ಬೂಸ್ಟನ್ನು ತಡೆಯುವ ಕಹಿಯೇ ಹೆಚ್ಚಾದರೆ ಮೊಳಕೆಯನ್ನೂ ತಡೆಯುತ್ತದೆ. ಇದು ತಿಳಿಯಲು ಒಂದು ವರ್ಷದ ಬೀಜ ಹೋಯಿತು.

ಅಂದಿನಿಂದ ಬೀಜ ನೆನೆಸಲು ಬೇವಿನ ಬದಲು ನುಗ್ಗೆ ಸೊಪ್ಪಿನ ರಸ, ಅದನ್ನೂ ಪರೀಕ್ಷೆ ಮಾಡದೆ ಮಡಿಗೆ ಹಾಕುವುದಿಲ್ಲ. ನೂರು ಬೀಜ ಎಣಿಸಿ ಬರೀ ನೀರಲ್ಲಿ, ಇನ್ನೊಂದು ನೂರು ತೆಳು ನುಗ್ಗೆ ರಸದಲ್ಲಿ ನೆನೆಸುತ್ತೇನೆ. ಹಳೇ ಪಂಚೆಯ ಎರಡು ತುಂಡು ಒದ್ದೆ ಮಾಡಿ, ಬೇರೆ ಬೇರೆ ಸುತ್ತಿ, ಡಬ್ಬಿಯಲ್ಲಿಟ್ಟು ದಿನಾ ಬಿಚ್ಚಿ ನೋಡುತ್ತೇನೆ. ನುಗ್ಗೆ ರಸದ ಬಟ್ಟೆಯಲ್ಲಿ ಬಿಳಿ ಮೂತಿ ಒಂದೆರಡು ದಿನ ಮೊದಲೇ ಕಾಣುತ್ತದೆ. ಮುಖ್ಯವಾಗಿ, ಹೆಚ್ಚು ಕಡಿಮೆ ಎಲ್ಲವೂ ಒಟ್ಟಿಗೇ ಒಡೆಯುತ್ತವೆ. ನುಗ್ಗೆ ಸೊಪ್ಪಿನಲ್ಲಿ ಝಿಯಾಟಿನ್ ಅನ್ನುವ ಬೆಳವಣಿಗೆಯ ಹಾರ್ಮೋನು ಇದೆ. ಅಂದ ಹಾಗೆ, ಮೆಣಸಿನಕಾಯಿಯ ಪ್ರಮಾಣಿತ ಬೀಜಕ್ಕೂ ಕೇಳುವುದು ನೂರಕ್ಕೆ ಕನಿಷ್ಠ 60 ಮೊಳಕೆ ಅಷ್ಟೇ. ನೂರಕ್ಕೆ ನೂರು ಬರಲಿಲ್ಲ ಅಂತ ಬೇಸರ ಬೇಡ.

ಮಾಡುವುದು ಸುಲಭ. ಎಳೆ ನುಗ್ಗೆ ಸೊಪ್ಪು ಸ್ವಲ್ಪವೇ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿ. ಒಂದು ಪಾಲು ರಸಕ್ಕೆ 30 ಪಾಲು ನೀರು. ನೀರಿನ ಬಣ್ಣ ತಿಳಿ ಹಸಿರಾಗಿರಬೇಕು, ಕಡು ಹಸಿರಾದರೆ ರಸ ಹೆಚ್ಚಾಯಿತು ಅಂತಲೇ ಅರ್ಥ. ಬೀಜ ಹಾಕಿ, ತೇಲುವ ಜೊಳ್ಳನ್ನು ತೆಗೆಯಿರಿ. ಎಂಟು ಗಂಟೆ ಸಾಕು. ಆಮೇಲೆ ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ. ರಸವನ್ನು ನಾಳೆಗೆ ಅಂತ ಇಡಬೇಡಿ, ಹುಳಿ ವಾಸನೆ ಬರುತ್ತದೆ.

ಬೇವನ್ನು ಬಿಟ್ಟಿಲ್ಲ. 100 ಗ್ರಾಂ ಸೊಪ್ಪು ಅರೆದು ಒಂದು ಲೀಟರ್ ನೀರಿಗೆ ಬೆರೆಸಿ ಸೋಸುತ್ತೇನೆ. ಅದನ್ನು ಬೀಜಕ್ಕಲ್ಲ, ಸಸಿ ಎದ್ದ ಮೇಲೆ ಮಡಿಗೆ ತೆಳ್ಳಗೆ ಚಿಮುಕಿಸುತ್ತೇನೆ. ಆದರೆ ಸಸಿ ಉಳಿದದ್ದು ಬರೀ ಇದರಿಂದ ಅಂದರೆ ಸುಳ್ಳಾಗುತ್ತದೆ. ಮಡಿಯನ್ನು ಗೇಣೆತ್ತರ ಏರಿಸಿದ್ದೇನೆ, ಬೀಜ ವಿರಳವಾಗಿ ಹಾಕುತ್ತೇನೆ, ಸಂಜೆ ನೀರು ಬಿಡುವುದನ್ನು ನಿಲ್ಲಿಸಿದ್ದೇನೆ. ನೀರು ನಿಂತ ಮಡಿಯಲ್ಲಿ ಯಾವ ಸೊಪ್ಪೂ ಸಸಿ ಉಳಿಸಲ್ಲ. ಎಲೆ ಮುಟುರು ರೋಗಕ್ಕೂ ಇದು ಮದ್ದಲ್ಲ, ಅದು ನುಸಿ, ಥ್ರಿಪ್ಸ್, ಬಿಳಿ ನೊಣದಿಂದ ಬರುವಂಥದ್ದು.

ಅಂಗಡಿಯ ಪ್ಯಾಕೆಟ್ ಬೀಜ ಬಣ್ಣ ಹಚ್ಚಿದ್ದಾದರೆ ನೆನೆಸಬೇಡಿ. ಔಷಧಿ ಮೊದಲೇ ಸವರಿರುತ್ತಾರೆ, ಅದೆಲ್ಲ ತೊಳೆದು ಹೋಗುತ್ತದೆ.